ಹಳೇ ಟ್ರ್ಯಾಕ್ಟರ್ ಸೆಲ್ಫ್ ತಗೊಳ್ಳುತ್ತಿಲ್ಲವೇ? ಹೊಸ ಬ್ಯಾಟರಿ ತರುವ ಮೊದಲು ಇದನ್ನು ಓದಿ

ಕಬ್ಬಿನ ಸೀಸನ್ ಶುರುವಾಯಿತು ಅಂದರೆ ಜಮಖಂಡಿ, ಮುಧೋಳ, ಅಥಣಿ ಕಡೆಯಿಂದ ಒಂದೇ ಪ್ರಶ್ನೆ ಬರುತ್ತದೆ. "ಚಾವಿ ತಿರುವಿದ್ರ ಟಕ್ ಅಂತೈತಿ, ಇಂಜಿನ್ ತಿರಗವಲ್ದು. ಬ್ಯಾಟ್ರಿ ಹೊಸಾದ ಹಾಕೇನ್ರಿ. ಏನ್ ಮಾಡ್ಲಿ?" ಕೇಳುವವರಲ್ಲಿ ಬಹಳ ಜನ ಆಗಲೇ ಬ್ಯಾಟರಿಗೆ ದುಡ್ಡು ಸುರಿದಿರುತ್ತಾರೆ. ಕೆಲವರು ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರನ್ನೂ ಬಿಚ್ಚಿಸಿ ರಿಪೇರಿ ಮಾಡಿಸಿರುತ್ತಾರೆ. ಕೊನೆಗೆ ನೋಡಿದರೆ ತೊಂದರೆ ಇರುವುದು ಒಂದು ಅರ್ಥ್ ಬೋಲ್ಟಿನಲ್ಲಿ, ಅಂದರೆ ಬ್ಯಾಟರಿಯ ನೆಗೆಟಿವ್ ಕೇಬಲ್ಲನ್ನು ಟ್ರ್ಯಾಕ್ಟರಿನ ಬಾಡಿಗೆ ಬಿಗಿಯುವ ಬೋಲ್ಟಿನಲ್ಲಿ.

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದುಬಿಡುತ್ತೇನೆ. ಇದು 12 ವೋಲ್ಟಿನ ಹಳೇ ಡೀಸೆಲ್ ಟ್ರ್ಯಾಕ್ಟರ್‌ಗಳಿಗೆ. ಹಳೇ ಎಚ್‌ಎಂಟಿ, ಮ್ಯಾಸಿ, ಮಹೀಂದ್ರಾ, ಸ್ವರಾಜ್ ಯಾವುದೇ ಇರಲಿ, ಸೆಲ್ಫ್ ಕೆಲಸ ಮಾಡುವ ರೀತಿ ಒಂದೇ. ವೈರಿನ ಬಣ್ಣ, ಸ್ವಿಚ್ ಇರುವ ಜಾಗ ಬೇರೆ ಇರಬಹುದು, ಅಷ್ಟೇ.

ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಟ್ರ್ಯಾಕ್ಟರ್ ಸುಮ್ನೆ ನಿಂತಿದ್ದಾಗ ಮೀಟರ್ ತೋರಿಸುವ ವೋಲ್ಟೇಜನ್ನು ಪೂರ್ತಿ ನಂಬಬೇಡಿ. ಸೆಲ್ಫ್ ಹೊಡೆಯುತ್ತಿರುವಾಗ ಅಳೆದದ್ದೇ ನಿಜವಾದ ಲೆಕ್ಕ. ಡ್ರಿಪ್ ಪೈಪಿನಲ್ಲಿ ಕಸ ಸಿಕ್ಕಿದೆ ಅಂತ ಇಟ್ಟುಕೊಳ್ಳಿ. ವಾಲ್ವ್ ಮುಚ್ಚಿದ್ದಾಗ ಪೈಪಿನ ತುದಿಯಲ್ಲೂ ಪ್ರೆಶರ್ ಪೂರ್ತಿ ಇರುತ್ತದೆ, ನೀರು ಬಿಟ್ಟ ಮೇಲೆ ತುದಿಯ ಗಿಡಕ್ಕೆ ಹನಿಯೂ ಬೀಳುವುದಿಲ್ಲ. ಸಡಿಲ ಟರ್ಮಿನಲ್ ಕೂಡ ಹಾಗೇ. ಸೆಲ್ಫ್ ಮೋಟಾರ್ ಇಂಜಿನ್ ತಿರುಗಿಸುವಾಗ 200ರಿಂದ 300 ಆಂಪಿಯರ್ ಎಳೆಯುತ್ತದೆ, ಶುರುವಿನ ಕ್ಷಣದಲ್ಲಿ ಇನ್ನೂ ಜಾಸ್ತಿ. ದಾರಿಯಲ್ಲಿ ಎಲ್ಲೋ ಒಂದು ಕಡೆ 0.01 ಓಮ್ ತಡೆ ಇದ್ದರೂ 200 ಆಂಪಿಯರಿಗೆ 2 ವೋಲ್ಟ್ ಅಲ್ಲೇ ಹೋಗಿಬಿಡುತ್ತದೆ. ಅದಕ್ಕೇ ಮೀಟರನ್ನು 'ಬೀಪ್' ಮೋಡಿಗೆ ಹಾಕಿ ಕೇಬಲ್ ಸರಿ ಇದೆ ಅಂತ ತೀರ್ಮಾನ ಮಾಡಬೇಡಿ. ಹತ್ತು ಎಳೆ ಹರಿದು ಒಂದೇ ಎಳೆ ಉಳಿದಿದ್ದರೂ ಬೀಪ್ ಅನ್ನುತ್ತದೆ.

ಏನೇನು ಬೇಕು

ಸಾದಾ ಡಿಜಿಟಲ್ ಮಲ್ಟಿಮೀಟರ್ ಒಂದು. 500 ರೂಪಾಯಿ ಒಳಗಿನದೇ ಸಾಕು. ಟೆಸ್ಟ್ ಲ್ಯಾಂಪ್ ಒಂದು. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: ಬೈಕಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ಒಂದಕ್ಕೆ ಕ್ಲಿಪ್, ಇನ್ನೊಂದಕ್ಕೆ ಚೂಪಾದ ಮೊಳೆ. ಮೀಟರ್ ಇದ್ದ ಮೇಲೆ ಇದ್ಯಾಕೆ ಅಂದರೆ, ಕೊಳೆತ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಬಲ್ಬ್ ಕರೆಂಟ್ ಎಳೆಯುತ್ತದೆ, ಹಾಗಾಗಿ ಮಂಕಾಗಿ ಉರಿದು ವೈರಿನ ಬಣ್ಣ ಬಯಲು ಮಾಡುತ್ತದೆ.

ಇವಲ್ಲದೆ 10, 13, 17 ನಂಬರ್ ಪಾನಾ, ತಂತಿ ಬ್ರಷ್, ಪಾಲಿಶ್ ಪೇಪರ್, ಅಡುಗೆ ಸೋಡಾ, ವ್ಯಾಸಲಿನ್. ಸಿಕ್ಕರೆ ಹೈಡ್ರೋಮೀಟರ್, ಅಂದರೆ ಬ್ಯಾಟರಿ ನೀರಿನ ಗಟ್ಟಿತನ ಅಳೆಯುವ ಗಾಜಿನ ನಳಿಗೆ. ಮತ್ತೆ ಚಾವಿ ತಿರುಗಿಸಲು ಒಬ್ಬರು. ಹೇಳಿದಾಗ ಮಾತ್ರ ತಿರುಗಿಸುವವರಾಗಿರಲಿ.

ಕೈ ಹಾಕುವ ಮೊದಲು

ಗೇರ್ ನ್ಯೂಟ್ರಲ್‌ನಲ್ಲಿರಲಿ, ಹೈ-ಲೋ ಲಿವರ್ ಕೂಡ. ಪಿಟಿಒ (ರೋಟವೇಟರ್‌ನಂಥ ಯಂತ್ರಕ್ಕೆ ಶಕ್ತಿ ಕೊಡುವ ಹಿಂದಿನ ಶಾಫ್ಟ್) ಬಂದ್ ಇರಲಿ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡಿ. ಟ್ರಾಲಿ ಬಿಚ್ಚಿ. ಇಂಜಿನ್ ಬಂದ್ ಮಾಡುವ ಸ್ಟಾಪ್ ನಾಬನ್ನು ಎಳೆದೇ ಇಡಿ. ಆಗ ಸೆಲ್ಫ್ ಹೊಡೆದಾಗ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಕೆಳಗಿನ 1ರಿಂದ 5ನೇ ಹಂತದ ಪರೀಕ್ಷೆಗಳಿಗೆಲ್ಲ ಇದು ಬೇಕು.

ಕೈಯಲ್ಲಿನ ಉಂಗುರ, ಕಡಗ, ಸ್ಟೀಲ್ ಪಟ್ಟಿಯ ವಾಚ್ ತೆಗೆದಿಡಿ. ಪಾಸಿಟಿವ್ ಟರ್ಮಿನಲ್ ಬಿಚ್ಚುವಾಗ ಪಾನಾ ಬಾಡಿಗೆ ತಗುಲಿ, ನಡುವೆ ಉಂಗುರ ಸಿಕ್ಕರೆ ಕಬ್ಬಿಣ ಕಾಯ್ದ ಹಾಗೆ ಕಾಯುತ್ತದೆ, ಬೆರಳೇ ಸುಟ್ಟುಹೋಗುತ್ತದೆ. ಬ್ಯಾಟರಿ ಹತ್ತಿರ ಬೀಡಿ, ಸಿಗರೇಟು ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಒಂದು ಕಿಡಿಗೆ ಬ್ಯಾಟರಿ ಒಡೆದು ಆಸಿಡ್ ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಇನ್ನೊಂದು, ಇದು ಮೀಟರ್ ಉಳಿಸಲಿಕ್ಕೆ. ಮೀಟರಿನ ಕೆಂಪು ವೈರ್ ಆಂಪಿಯರ್ ತೂತಿನಲ್ಲಿ ಇದ್ದಾಗ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿಯಬೇಡಿ. ಫ್ಯೂಸ್ ಹೋಗುತ್ತದೆ, ಅಗ್ಗದ ಮೀಟರ್ ಆದರೆ ಮೀಟರೇ ಹೋಗುತ್ತದೆ. ಸೆಲ್ಫಿನ ಕರೆಂಟನ್ನು ಈ ಮೀಟರಿನಲ್ಲಿ ಅಳೆಯಲು ಆಗುವುದಿಲ್ಲ. ನಾವು ಅಳೆಯುವುದು ಬರೀ ವೋಲ್ಟ್, ಡಿಸಿ 20ರ ರೇಂಜಿನಲ್ಲಿ.

1. ಮೊದಲು ಕಿವಿಗೊಟ್ಟು ಕೇಳಿ

ಹೆಡ್‌ಲೈಟ್ ಹಾಕಿ. ಸೆಲ್ಫ್ ಹೊಡೆಯಲು ಹೇಳಿ. ಒಂದು ಕಿವಿ ಸೆಲ್ಫ್ ಕಡೆ, ಒಂದು ಕಣ್ಣು ಲೈಟಿನ ಕಡೆ ಇರಲಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

ಲೈಟೂ ಇಲ್ಲ, ಸದ್ದೂ ಇಲ್ಲ ಅಂದರೆ ಬ್ಯಾಟರಿ ಪೂರ್ತಿ ಇಳಿದಿದೆ, ಇಲ್ಲವೇ ಟರ್ಮಿನಲ್ ಬಿಟ್ಟಿದೆ, ಇಲ್ಲವೇ ಮೇನ್ ಫ್ಯೂಸ್ ಹೋಗಿದೆ.

ಲೈಟ್ ಚೆನ್ನಾಗಿದೆ, ಚಾವಿ ತಿರುಗಿಸಿದರೆ ಏನೂ ಸದ್ದಿಲ್ಲ ಅಂದರೆ ಬ್ಯಾಟರಿಯ ಮೇಲೆ ಅನುಮಾನ ಬೇಡ. ಚಾವಿಯಿಂದ ಸೆಲ್ಫಿಗೆ ಹೋಗುವ ಸಣ್ಣ ವೈರಿನ ದಾರಿ ತಪ್ಪಿದೆ. ನೇರ 4ನೇ ಹಂತಕ್ಕೆ ಹೋಗಿ.

ಟಕ್-ಟಕ್-ಟಕ್-ಟಕ್ ಅಂತ ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲ ಇದೆ. ಸೆಲ್ಫಿನ ತಲೆಮೇಲೆ ಡಬ್ಬಿಯ ಹಾಗೆ ಕೂತಿರುವುದು ಸೊಲೆನಾಯ್ಡ್. ಅದು ಕರೆಂಟ್ ಸಿಕ್ಕಾಗ ಒಳಗಿನ ಕಬ್ಬಿಣದ ಕಡ್ಡಿಯನ್ನು ಎಳೆದು, ಸೆಲ್ಫಿನ ಪುಟ್ಟ ಗೇರನ್ನು ಫ್ಲೈವೀಲಿನ ಹಲ್ಲಿಗೆ ಕೂಡಿಸಿ, ಅದೇ ಹೊತ್ತಿಗೆ ದಪ್ಪ ಕರೆಂಟಿನ ಸ್ವಿಚ್ಚನ್ನೂ ಹಾಕುತ್ತದೆ. ಮೋಟಾರ್ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಕೈಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ಆ ಬಡಿತ ಅದೇ. 2 ಮತ್ತು 3ನೇ ಹಂತ ನೋಡಿ.

ಒಂದೇ ಸಲ ದಪ್ಪಗೆ ಟಕ್ ಅಂದು ಸುಮ್ಮನಾದರೆ ಈಗ ಲೈಟ್ ನೋಡಬೇಕು. ಲೈಟ್ ಕಿಂಚಿತ್ತೂ ಮಂಕಾಗಲಿಲ್ಲ ಅಂದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ: ಸೊಲೆನಾಯ್ಡ್ ಒಳಗಿನ ತಾಮ್ರ ಸುಟ್ಟಿದೆ ಇಲ್ಲವೇ ಮೋಟಾರಿನ ಕಾರ್ಬನ್ ಸವೆದಿದೆ. ಲೈಟ್ ಪೂರ್ತಿ ಸತ್ತ ಹಾಗೆ ಮಂಕಾದರೆ ಬ್ಯಾಟರಿ ಸೋತಿದೆ, ಅಥವಾ ಮೋಟಾರ್ ಒಳಗೆ ಶಾರ್ಟ್ ಆಗಿದೆ, ಅಥವಾ ಇಂಜಿನ್ನೇ ಜಾಮ್ ಆಗಿದೆ.

ಗುರ್… ಗುರ್… ಅಂತ ಎಳೆದೆಳೆದು ತಿರುಗಿದರೆ 2, 3, 5ನೇ ಹಂತ ನೋಡಿ. ಸುಂಯ್ ಅಂತ ಸೆಲ್ಫ್ ಒಂದೇ ತಿರುಗಿ ಇಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸ್ ಹೋಗಿದೆ. ಬೆಂಡಿಕ್ಸ್ ಅಂದರೆ ಫ್ಲೈವೀಲಿಗೆ ಕಚ್ಚಿಕೊಳ್ಳುವ ಆ ಪುಟ್ಟ ಗೇರ್, ಒಳಗೆ ಒಂದೇ ಕಡೆ ತಿರುಗುವ ಕ್ಲಚ್ ಇರುತ್ತದೆ.

ಇಂಜಿನ್ ಜೋರಾಗಿ ತಿರುಗುತ್ತಿದೆ, ಸ್ಟಾರ್ಟ್ ಮಾತ್ರ ಆಗುತ್ತಿಲ್ಲ ಅಂದರೆ ಈ ಲೇಖನ ನಿಮಗಲ್ಲ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸ್ಟಾಪ್ ನಾಬ್ ಒಳಗೆ ಹೋಗಿದೆಯಾ, ಡೀಸೆಲ್ ಇದೆಯಾ, ಲೈನಿನಲ್ಲಿ ಗಾಳಿ ಸೇರಿದೆಯಾ ನೋಡಿ.

2. ಬ್ಯಾಟರಿಯ ಬಲ

ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಒಳಗಿನ ಪ್ಲೇಟುಗಳು ಮುಳುಗಿ, ಅದರ ಮೇಲೆ ಒಂದು ಬೆರಳಿನ ಅಗಲದಷ್ಟು ನೀರಿರಬೇಕು. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆ. ಕಡಿಮೆ ಇದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರಿನ ನೀರು ಬೇಡ, ನಮ್ಮ ಕಡೆಯ ಸವುಳು ನೀರಂತೂ ಬೇಡವೇ ಬೇಡ. "ಬ್ಯಾಟ್ರಿ ಡೌನ್ ಆಗೈತಿ, ಸ್ವಲ್ಪ ಆಸಿಡ್ ಹಾಕೋಣ" ಅನ್ನುವವರ ಮಾತೂ ಕೇಳಬೇಡಿ. ಆರುವುದು ನೀರು, ಆಸಿಡ್ ಅಲ್ಲ.

ಈಗ ಮೀಟರ್. ಚಾರ್ಜಿಂಗಿನಿಂದ ಆಗಷ್ಟೇ ತೆಗೆದ ಬ್ಯಾಟರಿ ಸುಳ್ಳು ವೋಲ್ಟೇಜ್ ತೋರಿಸುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಉರಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಿರಿ. 12.6 ಬಂದರೆ ಪೂರ್ತಿ ಚಾರ್ಜ್. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ. 12.0 ಅಂದರೆ ಕಾಲು ಭಾಗ ಉಳಿದಿದೆ. ನೋಡಿ, 12 ಇದ್ದರೆ 12 ವೋಲ್ಟಿನ ಬ್ಯಾಟರಿ ಸರಿ ಇದೆ ಅಂತಲೇ ಎಲ್ಲರೂ ಅಂದುಕೊಳ್ಳುವುದು. ಹಾಗಲ್ಲ. ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರರಲ್ಲಿ ಒಂದು ಸೆಲ್ ಸತ್ತಿದೆ. ಒಂದೊಂದು ಸೆಲ್ಲಿನದೂ 2.1 ವೋಲ್ಟ್. ಅಂಥ ಬ್ಯಾಟರಿಗೆ ಚಾರ್ಜ್ ಮಾಡಿಸುತ್ತಾ ಕೂರಬೇಡಿ.

ಹೈಡ್ರೋಮೀಟರ್ ಇದ್ದರೆ ಆರೂ ಸೆಲ್ ನೋಡಿ. ನಮ್ಮ ಬಿಸಿ ಹವೆಗೆ ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ 1.240ರಿಂದ 1.260 ಬರುತ್ತದೆ. ಅಂಕಿಗಿಂತ ಮುಖ್ಯ, ಆರೂ ಒಂದೇ ತರಹ ಇರಬೇಕು. ಒಂದು ಸೆಲ್ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಅದು ಹೋಗುವ ದಾರಿಯಲ್ಲಿದೆ.

ಕೊನೆಯ ಪರೀಕ್ಷೆಯೇ ಅಸಲಿ. ಮೀಟರಿನ ಎರಡೂ ಕಡ್ಡಿಯನ್ನು ಬ್ಯಾಟರಿಯ ಸೀಸದ ಗುಬಟಿನ ಮೇಲೇ ಒತ್ತಿ ಹಿಡಿಯಿರಿ, ಅದಕ್ಕೆ ಬಿಗಿದಿರುವ ಕೇಬಲ್ಲಿನ ಕ್ಲಾಂಪಿನ ಮೇಲಲ್ಲ. ಐದು ಸೆಕೆಂಡ್ ಸೆಲ್ಫ್ ಹೊಡೆಸಿ. ವೋಲ್ಟೇಜ್ 10ರ ಮೇಲೆ ನಿಂತರೆ ಬ್ಯಾಟರಿ ಗಟ್ಟಿ ಇದೆ. 9.6ಕ್ಕಿಂತ ಕೆಳಗೆ ಇಳಿದರೆ ಚಾರ್ಜ್ ಮಾಡಿಸಿ ಮತ್ತೆ ನೋಡಿ. ಪೂರ್ತಿ ಚಾರ್ಜ್ ಆದ ಮೇಲೂ ಹಾಗೇ ಇಳಿದರೆ, ಒಂದೋ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಸೆಲ್ಫ್ ಅಗತ್ಯಕ್ಕಿಂತ ಜಾಸ್ತಿ ಎಳೆಯುತ್ತಿದೆ. ಬೇರೆ ಟ್ರ್ಯಾಕ್ಟರಿನ ಒಳ್ಳೆಯ ಬ್ಯಾಟರಿ ಕೂಡಿಸಿ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಚಾರ್ಜ್ ಮಾಡುವಾಗ ಅವಸರ ಬೇಡ. 80 ಆಂಪಿಯರ್-ಅವರ್ ಬ್ಯಾಟರಿಗೆ 8 ಆಂಪಿಯರ್, ಅಂದರೆ ಹತ್ತರಲ್ಲಿ ಒಂದು ಪಾಲು. ರಾತ್ರಿಯಿಡೀ ಬೇಕಾಗುತ್ತದೆ. ಒಂದು ತಾಸಿನಲ್ಲಿ ಏರಿಸಿ ಕೊಡುತ್ತೇನೆ ಅನ್ನುವ ಅಂಗಡಿಯಿಂದ ವಾಪಸ್ ತನ್ನಿ.

ಸೆಲ್ಫ್ ಹೊಡೆಯುವುದಕ್ಕೂ ಮಿತಿ ಇದೆ. ಒಂದು ಸಲಕ್ಕೆ 10 ಸೆಕೆಂಡ್ ಮೀರಬೇಡಿ, ನಡುವೆ ಒಂದು ನಿಮಿಷ ಬಿಡಿ. ಒತ್ತಿ ಹಿಡಿದುಕೊಂಡೇ ಕೂತರೆ ಮೋಟಾರಿನ ಕಾಯಿಲ್ ಕರಗುತ್ತದೆ.

3. ಟರ್ಮಿನಲ್, ಕೇಬಲ್, ಅರ್ಥ್

ಬೇರೆ ಏನನ್ನು ಓದದಿದ್ದರೂ ಇದನ್ನು ಓದಿ. ನನಗೆ ಗೊತ್ತಿದ್ದ ಮಟ್ಟಿಗೆ, ಬ್ಯಾಟರಿ ಬದಲಿಸಿದರೂ ಸರಿಯಾಗದ ಟ್ರ್ಯಾಕ್ಟರ್‌ಗಳಲ್ಲಿ ಬಹುಪಾಲು ಇಲ್ಲೇ ಸರಿಯಾಗುತ್ತವೆ.

ಮೊದಲು ವೋಲ್ಟೇಜ್ ಡ್ರಾಪ್ ಅಳೆಯೋಣ. ಹೆಸರು ದೊಡ್ಡದು, ಕೆಲಸ ಸಣ್ಣದು. ದಾರಿಯ ಒಂದು ತುದಿಗೆ ಒಂದು ಕಡ್ಡಿ, ಇನ್ನೊಂದು ತುದಿಗೆ ಇನ್ನೊಂದು ಕಡ್ಡಿ ಹಿಡಿದು ಸೆಲ್ಫ್ ಹೊಡೆಸುವುದು. ಮೀಟರ್ ತೋರಿಸಿದಷ್ಟು ವೋಲ್ಟ್ ಆ ದಾರಿಯಲ್ಲಿ ಸುಮ್ನೆ ಸುಟ್ಟುಹೋಗುತ್ತಿದೆ ಅಂತ ಅರ್ಥ.

ಪಾಸಿಟಿವ್ ಗುಬಟಿನ ಮೇಲೆ ಒಂದು ಕಡ್ಡಿ, ಅದನ್ನು ಹಿಡಿದಿರುವ ಕ್ಲಾಂಪಿನ ಮೇಲೆ ಇನ್ನೊಂದು. ಸೆಲ್ಫ್ ಹೊಡೆದಾಗ 0.1 ದಾಟಬಾರದು. ನೆಗೆಟಿವ್ ಕಡೆಯೂ ಹಾಗೇ ನೋಡಿ. ಆಮೇಲೆ ಪಾಸಿಟಿವ್ ಗುಬಟಿನಿಂದ ಸೊಲೆನಾಯ್ಡಿಗೆ ದಪ್ಪ ಕೇಬಲ್ ಬಂದು ಕೂಡುವ ಬೋಲ್ಟಿನವರೆಗೆ, ಬಹಳ ಸೆಲ್ಫುಗಳಲ್ಲಿ ಇದರ ಪಕ್ಕ 30 ಅಂತ ಬರೆದಿರುತ್ತದೆ. 0.3ರ ಒಳಗಿದ್ದರೆ ಚೆನ್ನ, 0.5 ದಾಟಿದರೆ ಕೇಬಲ್ ಅಥವಾ ಅದರ ತುದಿಯ ಲಗ್ಗು (ಬೋಲ್ಟಿಗೆ ಕೂರುವ ಬಳೆ) ಹೋಗಿದೆ. ಕೊನೆಗೆ ನೆಗೆಟಿವ್ ಗುಬಟಿನಿಂದ ಸೆಲ್ಫ್ ಮೋಟಾರಿನ ಬಾಡಿಯ ಬರಿಯ ಕಬ್ಬಿಣದವರೆಗೆ. ಇದೂ 0.3ರ ಒಳಗಿರಬೇಕು. ಎಲ್ಲರೂ ಬಿಡುವುದು ಈ ಕೊನೆಯದನ್ನೇ.

ಯಾಕೆ ಬಿಡಬಾರದು ಅಂತ ಹೇಳುತ್ತೇನೆ. ಕರೆಂಟ್ ಬ್ಯಾಟರಿಯಿಂದ ಸೆಲ್ಫಿಗೆ ಹೋದರೆ ಸಾಲದು, ಟ್ರ್ಯಾಕ್ಟರಿನ ಮೈಯಿಂದಲೇ ಅರ್ಥ್ ಕೇಬಲ್ ಮೂಲಕ ಬ್ಯಾಟರಿಗೆ ವಾಪಸ್ ಬರಬೇಕು. ದಸರೆ, ದೀಪಾವಳಿ ಪೂಜೆಗೆ ಮುಂಚೆ ಹಳೇ ಟ್ರ್ಯಾಕ್ಟರಿಗೆ ಬಣ್ಣ ಹೊಡೆಸುತ್ತೇವೆ ಅಲ್ವಾ? ಪೇಂಟರ್ ಅರ್ಥ್ ಕೇಬಲ್ ಬಿಚ್ಚಿ, ಬಾಡಿಗೆ ಚೆಂದಗೆ ಎರಡು ಕೋಟ್ ಹೊಡೆದು, ಆರಿದ ಮೇಲೆ ಬಣ್ಣದ ಮೇಲೇ ಲಗ್ಗು ಇಟ್ಟು ಬೋಲ್ಟ್ ಬಿಗಿಯುತ್ತಾನೆ. ಬಣ್ಣ ಕರೆಂಟ್ ಬಿಡುವುದಿಲ್ಲ. ಬೋಲ್ಟಿನ ಹಲ್ಲಿನಲ್ಲಿ ಅಷ್ಟೋ ಇಷ್ಟೋ ಹರಿಯುತ್ತದೆ. ಲೈಟಿಗೆ, ಹಾರ್ನಿಗೆ ಅದೇ ಸಾಕು, ಸೆಲ್ಫಿಗೆ ಸಾಲುವುದಿಲ್ಲ. ಹಬ್ಬ ಮುಗಿದ ಮೇಲೆ ಸೆಲ್ಫ್ ಕೆಟ್ಟಿತು ಅನ್ನುವವರು ಮೊದಲು ಆ ಬೋಲ್ಟ್ ಬಿಚ್ಚಿ ನೋಡಿ. ಲಗ್ಗಿನ ಅಡಿ ಬಣ್ಣ ಕೆರೆದು, ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಪಾಲಿಶ್ ಪೇಪರ್ ತಿಕ್ಕಿ, ನಕ್ಷತ್ರದ ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿ.

ಟರ್ಮಿನಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಈ ಕ್ರಮ ತಪ್ಪಿಸಬೇಡಿ. ಹೊರಗೆ ಬಿಳಿ-ಹಸಿರು ಪುಡಿ ಬೆಳೆದಿದ್ದರೆ ಒಂದು ಲೋಟ ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಸುರಿಯಿರಿ, ಬುಸ್ ಅಂತ ನೊರೆ ಬಂದು ಕರಗುತ್ತದೆ. ಬ್ಯಾಟರಿ ಮುಚ್ಚಳಗಳು ಬಿಗಿ ಇರಲಿ, ಸೋಡಾ ನೀರು ಒಳಗೆ ಇಳಿಯಬಾರದು. ಆದರೆ ಪುಡಿ ಇಲ್ಲ ಅಂದ ಮಾತ್ರಕ್ಕೆ ಟರ್ಮಿನಲ್ ಸ್ವಚ್ಛ ಇದೆ ಅಂತಲ್ಲ. ಕ್ಲಾಂಪ್ ಕಿತ್ತು ಒಳಗಿನ ಮೈ ನೋಡಿ. ಅದು ಹೊಗೆ ಹಿಡಿದ ಹಾಗೆ ಕಪ್ಪಗಿದ್ದರೆ, ಗುಬಟಿನ ಮೈಯೂ ಕಪ್ಪಗಿದ್ದರೆ, ಎರಡನ್ನೂ ಸೀಸ ಹೊಳೆಯುವ ತನಕ ಕೆರೆಯಿರಿ. ಕ್ಲಾಂಪ್ ಸಡಿಲ ಅಂತ ನಡುವೆ ಮೊಳೆ, ತಗಡಿನ ಚೂರು ತುರುಕುವ ಚಟ ಬಿಡಿ. ಹೊಸ ಕ್ಲಾಂಪ್ ಹಾಕಿ, ದೊಡ್ಡ ಖರ್ಚಲ್ಲ.

ಕೇಬಲ್ಲೇ ಹೋಗಿದ್ದರೆ ತೆಳ್ಳನೆಯದು ಹಾಕಬೇಡಿ. 35ರಿಂದ 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಬೇಕು. ವೆಲ್ಡಿಂಗ್ ಕೇಬಲ್ ನಡೆಯುತ್ತದೆ, ಅಲ್ಯೂಮಿನಿಯಂ ಅಲ್ಲ ಅಂತ ತುದಿ ಕೆರೆದು ನೋಡಿ ತೆಗೆದುಕೊಳ್ಳಿ. ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜಿ ಕೂರಿಸಿದರೆ ಮೂರು ತಿಂಗಳಲ್ಲಿ ಮತ್ತೆ ಇದೇ ಕಥೆ. ಒತ್ತುವ ಮಷೀನ್ ಇರುವ ಅಂಗಡಿಯಲ್ಲೇ ಮಾಡಿಸಿ.

4. ಚಾವಿಯಿಂದ ಸೊಲೆನಾಯ್ಡಿನವರೆಗೆ

ಸೊಲೆನಾಯ್ಡಿನ ಮೇಲೆ ಎರಡು ದಪ್ಪ ಬೋಲ್ಟ್ ಅಲ್ಲದೆ ಒಂದು ಸಣ್ಣ ವೈರ್ ಬಂದು ಸೇರುತ್ತದೆ. ಅಲ್ಲಿ 50 ಅಂತ ಇರುತ್ತದೆ. ಚಾವಿ ತಿರುಗಿಸಿದಾಗ 'ಹೊಡೆ' ಅಂತ ಹೇಳುವ ವೈರ್ ಅದು. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಇಂಜಿನ್ ಮೈಗೆ ಹಾಕಿ, ಮೊಳೆಯನ್ನು 50ಕ್ಕೆ ತಾಗಿಸಿ, ಸೆಲ್ಫ್ ಹೊಡೆಸಿ.

ಪ್ರಕಾಶವಾಗಿ ಉರಿದರೆ ಇಲ್ಲಿಯವರೆಗೆ ಎಲ್ಲ ಸರಿ, 5ನೇ ಹಂತಕ್ಕೆ ಹೋಗಿ. ಉರಿಯದಿದ್ದರೆ ಹಿಂದಕ್ಕೆ ಹೆಜ್ಜೆ ಹಾಕಿ.

ಮೊದಲು ಸೇಫ್ಟಿ ಸ್ವಿಚ್. ಬಹಳ ಟ್ರ್ಯಾಕ್ಟರ್‌ಗಳಲ್ಲಿ ಕ್ಲಚ್ ಒತ್ತಿದ್ದರೆ ಅಥವಾ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸೆಲ್ಫಿಗೆ ಕರೆಂಟ್ ಹೋಗುವ ಹಾಗೆ ಒಂದು ಸ್ವಿಚ್ ಇಟ್ಟಿರುತ್ತಾರೆ. ಕ್ಲಚ್ ಪೆಡಲಿನ ಬುಡದಲ್ಲಿ ಇಲ್ಲವೇ ಗೇರ್ ಬಾಕ್ಸಿನ ಪಕ್ಕದಲ್ಲಿ ಹುಡುಕಿ. ಎರೆ ಮಣ್ಣು ಮೆತ್ತಿಕೊಂಡು ಗುಂಡಿ ಒಳಗೇ ಕಚ್ಚಿಕೊಳ್ಳುವುದು ಮಾಮೂಲು. ಒಳಗೆ ಬರುವ ವೈರಿನಲ್ಲಿ ಲ್ಯಾಂಪ್ ಉರಿದು, ಹೊರಹೋಗುವ ವೈರಿನಲ್ಲಿ ಉರಿಯದಿದ್ದರೆ ಸ್ವಿಚ್ ಹೋಗಿದೆ. ಹೊಸದು ಹಾಕಿ. ಎರಡು ವೈರ್ ತಿರುಚಿ ಟೇಪ್ ಸುತ್ತಿ ಕೈ ತೊಳೆದುಕೊಳ್ಳುವ ಮೆಕ್ಯಾನಿಕ್ ಸಿಗುತ್ತಾನೆ. ನಾಳೆ ನಿಮ್ಮ ಮಗ ಗೇರಿನಲ್ಲಿರುವ ಟ್ರ್ಯಾಕ್ಟರಿಗೆ ಕೆಳಗೆ ನಿಂತು ಚಾವಿ ತಿರುವಿದರೆ ಏನಾಗುತ್ತದೆ ಅಂತ ಅವನನ್ನು ಕೇಳಿ.

ಸ್ವಿಚ್ ಸರಿ ಇದ್ದರೆ ಚಾವಿಯ ಹಿಂಭಾಗ. ಬ್ಯಾಟರಿಯಿಂದ ಬರುವ ವೈರಿನಲ್ಲಿ ಯಾವಾಗಲೂ ಲ್ಯಾಂಪ್ ಉರಿಯಬೇಕು. ಅದೇ ಇಲ್ಲದಿದ್ದರೆ ಫ್ಯೂಸ್ ನೋಡಿ. ಬಂದ ಕರೆಂಟ್ ಸೆಲ್ಫಿನ ವೈರಿಗೆ ಹೋಗದಿದ್ದರೆ ಚಾವಿ ಸ್ವಿಚ್ ಸವೆದಿದೆ. ಎರಡೂ ಸರಿ ಇದ್ದರೆ ನಡುವಿನ ವೈರ್. ಮೇವು, ಕಣಿಕೆ ಒಟ್ಟಿದ ಕಡೆ ನಿಲ್ಲಿಸುವ ಟ್ರ್ಯಾಕ್ಟರ್ ಆದರೆ ಬಾನೆಟ್ಟಿನ ಕೆಳಗೆ ಇಲಿ ಕಡಿದಿರುತ್ತದೆ, ಕೈಯಾಡಿಸಿ ನೋಡಿ.

ಒಂದು ಮೋಸದ ಸ್ಥಿತಿ ಇದೆ. ಲ್ಯಾಂಪ್ ಉರಿಯುತ್ತದೆ, ಆದರೆ ಮಂಕು. ಮೀಟರಿನಲ್ಲಿ 50ರ ಹತ್ತಿರ 8 ವೋಲ್ಟ್ ಬರುತ್ತದೆ. ಹಳೇ ಚಾವಿ, ಹಳೇ ವೈರ್, ಹಳೇ ಜೋಡಣೆ ಸೇರಿ ನುಂಗಿಬಿಟ್ಟಿವೆ. ಒಮ್ಮೆ ಹೊಡೆಯುತ್ತದೆ, ನಾಲ್ಕು ಸಲ ಹೊಡೆಯುವುದಿಲ್ಲ, ಇಂಜಿನ್ ಕಾಯ್ದಾಗ ಇನ್ನೂ ಹಟ. ಇದಕ್ಕೆ ಒಳ್ಳೆಯ ಮದ್ದು ಒಂದು 40 ಆಂಪಿಯರ್ ರಿಲೇ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕುವ ಪುಟ್ಟ ಡಬ್ಬಿ. ಅದರ 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಇರುವ ನೇರ ವೈರ್, 87ರಿಂದ ಸೊಲೆನಾಯ್ಡಿನ 50ಕ್ಕೆ ವೈರ್, 86ಕ್ಕೆ ಚಾವಿಯಿಂದ ಸೇಫ್ಟಿ ಸ್ವಿಚ್ ದಾಟಿ ಬರುವ ಹಳೇ ವೈರ್, 85 ಅರ್ಥಿಗೆ. ಆಟೋ ಎಲೆಕ್ಟ್ರಿಷಿಯನ್‌ಗೆ ಅರ್ಧ ತಾಸಿನ ಕೆಲಸ.

ಈಗ ಸ್ಕ್ರೂಡ್ರೈವರ್ ವಿಷಯ. ಸೊಲೆನಾಯ್ಡಿನ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವುದನ್ನು ಎಲ್ಲರೂ ನೋಡಿದ್ದೇವೆ. ಹಾಗೆ ಮಾಡಿದಾಗ ಸೇಫ್ಟಿ ಸ್ವಿಚ್ಚಿಗೆ ಕೆಲಸವೇ ಇಲ್ಲ. ನೀವು ನಿಂತಿರುವುದು ಮುಂದಿನ ಮತ್ತು ಹಿಂದಿನ ಗಾಲಿಯ ನಡುವೆ. ಗೇರ್ ಬಿದ್ದಿದ್ದರೆ ಇಂಜಿನ್ ಹಿಡಿದ ಕೂಡಲೇ ಟ್ರ್ಯಾಕ್ಟರ್ ಹೊರಡುತ್ತದೆ, ಹಿಂದಿನ ಗಾಲಿ ನಿಮ್ಮ ಮೇಲೇ ಬರುತ್ತದೆ. ಜೀವ ಹೋದವರಿದ್ದಾರೆ. ಪರೀಕ್ಷೆಗೂ ಬೇಡ, ಮೀಟರ್ ಇದ್ದಾಗ ಅದರ ಅಗತ್ಯವೇ ಬೀಳುವುದಿಲ್ಲ.

5. ಸೊಲೆನಾಯ್ಡ್ ಮತ್ತು ಮೋಟಾರ್

ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟಿಗೆ ಮೀಟರ್ ಹಿಡಿಯಿರಿ. ಸುಮ್ನೆ ಇದ್ದಾಗ 12ರ ಮೇಲೆ ತೋರಿಸುತ್ತದೆ, ಅದು ಸರಿ. ಸೆಲ್ಫ್ ಹೊಡೆದು ಟಕ್ ಅಂದ ಕೂಡಲೇ 0.3ರ ಒಳಗೆ ಇಳಿಯಬೇಕು. ಟಕ್ ಅಂದರೂ 12 ಹಾಗೇ ನಿಂತರೆ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿದೆ. ಸೊಲೆನಾಯ್ಡ್ ಮಾತ್ರ ಬೇರೆ ಸಿಗುತ್ತದೆ, ಪೂರ್ತಿ ಸೆಲ್ಫ್ ಬದಲಿಸಬೇಕಿಲ್ಲ.

ಮೀಟರ್ ಇಳಿಯಿತು, ಮೋಟಾರ್ ಅಲ್ಲಾಡಲಿಲ್ಲ, ಲೈಟೂ ಮಂಕಾಗಲಿಲ್ಲ ಅಂದರೆ ಕಾರ್ಬನ್ ಬ್ರಷ್. ಇವು ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಸಣ್ಣ ಇಟ್ಟಿಗೆಗಳು, ಸವೆದು ಗಿಡ್ಡವಾದಾಗ ಸ್ಪ್ರಿಂಗ್ ಒತ್ತುವುದಿಲ್ಲ. ಒಬ್ಬರು ಸೆಲ್ಫ್ ಹೊಡೆಯುವಾಗ ಮೋಟಾರಿನ ಮೈಗೆ ಕಟ್ಟಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಕೆಲವು ಸಲ ತಿರುಗಿಬಿಡುತ್ತದೆ. ಆಗ ಖಾತ್ರಿ ಆಯಿತು. ಇದು ಹೊಲದಿಂದ ಮನೆಗೆ ಬರಲಿಕ್ಕೆ ಮಾತ್ರ. ಹೊಸ ಮಾದರಿಯ ಸಣ್ಣ ಸೆಲ್ಫುಗಳಲ್ಲಿ ಒಳಗೆ ಅಯಸ್ಕಾಂತ ಅಂಟಿಸಿರುತ್ತಾರೆ, ಸುತ್ತಿಗೆಯಿಂದ ಬಡಿದರೆ ಅದೇ ಒಡೆಯುತ್ತದೆ.

ಮೆಲ್ಲಗೆ ತಿರುಗುವ ಸೆಲ್ಫ್ ಬಿಚ್ಚಿದಾಗ ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ನಿಂತು ಆರ್ಮೇಚರ್ ತೋರಿಸಲು ಹೇಳಿ. ಅದರ ಕಬ್ಬಿಣದ ಮೈ ಒಂದು ಕಡೆ ಉಜ್ಜಿ ಹೊಳೆಯುತ್ತಿದ್ದರೆ ಬುಶ್ (ಆರ್ಮೇಚರಿನ ತುದಿ ಕೂರುವ ಬಳೆ) ಸವೆದು ಆರ್ಮೇಚರ್ ವಾಲಿ ಪಕ್ಕದ ಕಾಯಿಲ್ ಕಬ್ಬಿಣಕ್ಕೆ ತಿಕ್ಕುತ್ತಿದೆ. ಕಾರ್ಬನ್ ಮಾತ್ರ ಹಾಕಿಸಿಕೊಂಡು ಬಂದರೆ ಪ್ರಯೋಜನ ಇಲ್ಲ, ಬುಶ್ ಕೂಡ ಹಾಕಿಸಬೇಕು. ಬೆಂಡಿಕ್ಸಿನ ಹಲ್ಲೂ ಅದೇ ಸಲಕ್ಕೆ ನೋಡಿಬಿಡಿ.

ಎಚ್‌ಎಂಟಿ ಇಟ್ಟುಕೊಂಡವರಿಗೆ ಒಂದು ಮಾತು. ಪಿಂಜೋರದ ಟ್ರ್ಯಾಕ್ಟರ್ ಘಟಕ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಾಗಿದೆ. ಹಳೇ ಸೆಲ್ಫನ್ನು ಗುಜರಿಗೆ ಹಾಕಬೇಡಿ, ಕಾಯಿಲ್ ಸುಟ್ಟಿರದಿದ್ದರೆ ರಿಪೇರಿ ಮಾಡಿಸಿಟ್ಟುಕೊಳ್ಳಿ.

ಹೊಲದಲ್ಲೇ ನಿಂತುಬಿಟ್ಟರೆ

ಇನ್ನೊಂದು 12 ವೋಲ್ಟಿನ ಗಾಡಿಯಿಂದ ಜಂಪ್ ಕೊಡಬಹುದು. ಎರಡು ಗಾಡಿ ಒಂದಕ್ಕೊಂದು ತಾಗಬಾರದು. ಕೆಂಪು ಕೇಬಲ್ ಮೊದಲು ನಿಮ್ಮ ಪಾಸಿಟಿವ್‌ಗೆ, ಇನ್ನೊಂದು ತುದಿ ಅವರ ಪಾಸಿಟಿವ್‌ಗೆ. ಕಪ್ಪು ಕೇಬಲ್ ಅವರ ನೆಗೆಟಿವ್‌ಗೆ, ಕೊನೆಯ ತುದಿ ನಿಮ್ಮ ಇಂಜಿನ್ನಿನ ಬರಿಯ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಕಿಡಿ ಹಾರುವುದು ಈ ಕೊನೆಯ ಜೋಡಣೆಯಲ್ಲಿ, ಅದಕ್ಕೇ ದೂರ. ಐದು-ಹತ್ತು ನಿಮಿಷ ಅವರ ಇಂಜಿನ್ ಓಡಲಿ, ಆಮೇಲೆ ಸೆಲ್ಫ್ ಹೊಡೆಯಿರಿ. ಬಿಚ್ಚುವಾಗ ಉಲ್ಟಾ ಕ್ರಮ.

ಸಕ್ಕರೆ ಫ್ಯಾಕ್ಟರಿ ಯಾರ್ಡಿನಲ್ಲಿ ಸಾಲಿನಲ್ಲಿ ನಿಂತಾಗ ಪಕ್ಕದ ಲಾರಿಯವರು ಸಹಾಯಕ್ಕೆ ಬರುತ್ತಾರೆ. ದೊಡ್ಡ ಲಾರಿಗಳು 24 ವೋಲ್ಟಿನವು, ಎರಡು ಬ್ಯಾಟರಿ ಜೋಡಿಸಿರುತ್ತಾರೆ. ಅಲ್ಲಿಂದ ಜಂಪ್ ತೆಗೆದುಕೊಂಡರೆ ಬಲ್ಬ್, ಮೀಟರ್, ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಡುತ್ತವೆ, ಬ್ಯಾಟರಿ ಒಡೆಯಲೂಬಹುದು. ಬೇಡ ಅಂತ ಹೇಳಿ.

6. ಸ್ಟಾರ್ಟ್ ಆದ ಮೇಲೆ ಚಾರ್ಜಿಂಗ್

ಬೆಳಿಗ್ಗೆ ಸರಿ, ಸಂಜೆ ಡೌನ್ ಅನ್ನುವವರಿಗೆ ಇದು. ಇಂಜಿನ್ ಓಡುವಾಗ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.4 ಬರಬೇಕು. 12.5ರಲ್ಲೇ ನಿಂತು ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ. ಮೊದಲು ಬೆಲ್ಟ್ ನೋಡಿ, ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚಿಗಿಂತ ಜಾಸ್ತಿ ಬಗ್ಗಬಾರದು. ಚಾವಿ ಆನ್ ಮಾಡಿದಾಗ ಚಾರ್ಜಿಂಗ್ ದೀಪ ಹತ್ತುತ್ತದೆಯಾ ನೋಡಿ. ಬಹಳ ಆಲ್ಟರ್ನೇಟರ್‌ಗಳು ಆ ಬಲ್ಬಿನ ಮೂಲಕವೇ ಎಚ್ಚರವಾಗುವುದು, ಬಲ್ಬ್ ಹೋದರೆ ಚಾರ್ಜಿಂಗೇ ಶುರುವಾಗದೆ ಇರಬಹುದು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ನೀರು ಕುದಿದು ಆರುವುದು ಅದರಿಂದಲೇ. ಇಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಿತ್ತು 'ಚಾರ್ಜ್ ಆಗ್ತದೋ ಇಲ್ಲೋ' ನೋಡುವ ಹಳೇ ಪದ್ಧತಿ ಡೈನಮೋ ಕಾಲದ್ದು. ಆಲ್ಟರ್ನೇಟರಿಗೆ ಹಾಗೆ ಮಾಡಿದರೆ ಒಳಗಿನ ಡಯೋಡ್ ಹೋಗುತ್ತದೆ.

ಇನ್ನು ಹಾಡು. ಕಬ್ಬಿನ ಟ್ರ್ಯಾಕ್ಟರಿಗೆ ಸ್ಪೀಕರ್ ಬೇಡ ಅಂದರೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಲೆಕ್ಕ ಮಾತ್ರ ನೋಡಿ. 300 ವ್ಯಾಟ್ ಎಳೆಯುವ ಆಂಪ್ಲಿಫೈಯರ್ 25 ಆಂಪಿಯರ್, ಎರಡು ಹೆಡ್‌ಲೈಟ್ 10 ಆಂಪಿಯರ್, ಮೇಲೆ ಬಣ್ಣದ ಲೈಟುಗಳು. ಹಳೇ ಟ್ರ್ಯಾಕ್ಟರಿನ ಆಲ್ಟರ್ನೇಟರ್ ಕೊಡುವುದೇ 35ರ ಆಸುಪಾಸು. ಇನ್ನು ಇಂಜಿನ್ ಬಂದ್ ಮಾಡಿ ಯಾರ್ಡಿನಲ್ಲಿ ರಾತ್ರಿ ಹಾಡು ಹಾಕಿಕೊಂಡು ಕೂತರೆ 80ರ ಬ್ಯಾಟರಿ ಎರಡು ತಾಸಿನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹಾಡಿಗೆ ಬೇರೆ ಬ್ಯಾಟರಿ ಇಡಿ. ಅದೂ ಆಗದಿದ್ದರೆ ಆಂಪ್ಲಿಫೈಯರಿಗೆ ಬೇರೆ ಸ್ವಿಚ್ ಮತ್ತು ಫ್ಯೂಸ್ ಆದರೂ ಹಾಕಿಸಿ. ಬಂದ್ ಮಾಡಿದ ಮೇಲೂ ಕರೆಂಟ್ ಕುಡಿಯುತ್ತಾ ಇರುವ ಆಂಪ್ಲಿಫೈಯರ್‌ಗಳಿವೆ.

ಅನುಮಾನ ಇದ್ದರೆ ಚಾವಿ ತೆಗೆದು, ನೆಗೆಟಿವ್ ಕ್ಲಾಂಪ್ ಬಿಚ್ಚಿ, ಗುಬಟು ಮತ್ತು ಕ್ಲಾಂಪಿನ ನಡುವೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಲ್ಯಾಂಪ್ ಉರಿದರೆ ಯಾವುದೋ ಒಂದು ಕಡೆ ಕರೆಂಟ್ ಸೋರುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಲ್ಯಾಂಪ್ ಆರುತ್ತದೋ ಅದೇ ದಾರಿ. ಫ್ಯೂಸ್ ಎಲ್ಲ ಕಿತ್ತರೂ ಉರಿಯುತ್ತಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ನೋಡಿ. ಅದು ಬರಿಯ ತಾಮ್ರ, ಪಾಸಿಟಿವ್ ಕರೆಂಟ್ ಇರುವ ವೈರ್. ಹಾಗಾಗಿ ಲ್ಯಾಂಪ್ ತೆಗೆದಿಟ್ಟು, ನೆಗೆಟಿವ್ ಪೂರ್ತಿ ಬಿಟ್ಟ ಮೇಲೆ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಲ್ಯಾಂಪ್ ಹಿಡಿಯಿರಿ. ಆಗ ಆರಿದರೆ ಡಯೋಡ್ ಸೋರುತ್ತಿದೆ.

ಸೀಸನ್ ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಬಿಚ್ಚಿಡಿ. ಬಿಸಿಲಿಗೆ ಬ್ಯಾಟರಿ ತಾನಾಗಿಯೇ ಇಳಿಯುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಅಳೆದು, 12.4ಕ್ಕಿಂತ ಕೆಳಗಿದ್ದರೆ ಮತ್ತೆ ಚಾರ್ಜಿಗೆ ಹಾಕಿ.